ಮೂವತ್ತಾರು ಚಿತ್ರಗಳಲ್ಲಿ ಇಲ್ಲದ್ದು

ಜನವರಿ 9

ಅಕ್ಕ,

ಪತ್ರದ ಮೊದಲಿಗೆ ಕ್ಷೇಮ ಕೇಳುವುದು ವಾಡಿಕೆ. ನಿನ್ನ ಕ್ಷೇಮ ತಿಳಿದುಕೊಳ್ಳುವ ಕುತೂಹಲ ನನಗಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಅಂಚೆಯವರನ್ನು ಬ್ಲಾಕ್ ಮಾಡುವ ವಿದ್ಯೆ ನಿನಗಿನ್ನೂ ಬಂದಿರಲಿಕ್ಕಿಲ್ಲ ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಲಕ್ವ ಹೊಡೆದು ಮಾತು ನಿಂತ ಅಮ್ಮನಿಗೆ ಮಾತು ಕಲಿಸಲು ಬರುವ ಥೆರಪಿ ಮೇಡಂ ನಿನ್ನೆ ಫೋನಿನಲ್ಲಿ ಸಿಕ್ಕಿದರು. ಅಮ್ಮನಿಗಾಗಿ ನೀನು ಟ್ಯಾಬ್ಲೆಟ್ ಕೊಳ್ಳುತ್ತಿದ್ದೀಯಂತೆ. ಅದರಲ್ಲಿ ಮೂವತ್ತಾರು ಚಿತ್ರಗಳಂತೆ. ಲೋಟದ ಚಿತ್ರ ಒತ್ತಿದರೆ 'ನನಗೆ ನೀರು ಬೇಕು' ಎಂದು ಒಳಗಿನಿಂದ ಯಾರೋ ಹೆಂಗಸು ಹೇಳುತ್ತಾಳಂತೆ. ಮಂಚದ ಚಿತ್ರ ಒತ್ತಿದರೆ 'ಮಲಗಬೇಕು', ಅಳುವ ಮುಖ ಒತ್ತಿದರೆ 'ನೋವು'.

ಅಮ್ಮ ಯಾರು ಅನ್ನುವುದೇ ನಿನಗೆ ಮರೆತುಹೋಗಿದೆಯಾ? ಮೂವತ್ತೊಂದು ವರ್ಷ ಆ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸಿದವಳು. ಒಂಬತ್ತು ಯಂತ್ರಗಳನ್ನು ಸಾಲಾಗಿ ಇಟ್ಟು, ಕಲಿಯುವವರು ಕೀಲಿ ನೋಡಬಾರದೆಂದು ಅವರ ಕೈ ಮೇಲೆ ಮರದ ಡಬ್ಬಿ ಬೋರಲು ಹಾಕುತ್ತಿದ್ದವಳು. 'ಕಣ್ಣಿಗೇನು ಕೆಲ್ಸ ಇಲ್ಲಿ? ಬೆರಳಿಗೆ ಹೇಳು' ಎಂದು ಗದರಿಸುತ್ತಿದ್ದವಳು. ಅಂಥವಳ ಮುಂದೆ ಅಂಗನವಾಡಿಯ ಚಿತ್ರಪಟ ತೂಗುಹಾಕುತ್ತೀಯಾ?

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಮಂಚದ ಆ ಕಡೆ ನೀನು, ಈ ಕಡೆ ನಾನು ನಿಂತಿದ್ದೆವು. 'ಬುದ್ಧಿಗೇನೂ ಆಗಿಲ್ಲ. ಎಲ್ಲಾ ಅರ್ಥ ಆಗುತ್ತೆ, ಪದಾನೂ ತಲೇಲಿ ಇದೆ. ಬಾಯಿ ಮಾತ್ರ ಅವರ ಮಾತು ಕೇಳ್ತಿಲ್ಲ' ಅಂದರು. ಬಾಯಿ ಕೇಳದಿದ್ದರೆ ಬೆರಳನ್ನು ಕೇಳೋಣ.

ಲ್ಯಾಪ್‌ಟಾಪ್ ಕೊಡಿಸು. ಕೀಲಿಗಳಿರುವಂಥದ್ದು. ಒತ್ತಿದರೆ ಒತ್ತಿದ್ದೇನೆ ಅಂತ ಬೆರಳಿಗೆ ಗೊತ್ತಾಗುವಂಥದ್ದು.

ನಿನ್ನ ತಂಗಿ
(ಈ ಪದ ಬರೆಯಲು ನನಗೂ ಅಷ್ಟೇ ಕಷ್ಟ)


ಜನವರಿ 21

ಡ್ರೈವರಮ್ಮನವರಿಗೆ,

ನಿಮ್ಮ ಅಪ್ಪಣೆ ತಲುಪಿತು. ಆಗ ನಾನು ಗಿರಾಕಿಯೊಬ್ಬರ ಕೋಟಿನ ತೋಳು ಬಿಚ್ಚುತ್ತಿದ್ದೆ. ಕೈಯಲ್ಲಿ ಕತ್ತರಿಯಿತ್ತು. ನಿನ್ನ ಪತ್ರ ಒಂದೇ ತುಂಡಾಗಿ ಉಳಿದದ್ದೇ ಅದರ ಪುಣ್ಯ.

ಡ್ರೈವಿಂಗ್ ಶಾಲೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ಗಾಡಿಗೆ ಬ್ರೇಕ್ ತುಳಿಯುವುದು ನಿನ್ನ ಉದ್ಯೋಗ. ಅದೇ ಅಭ್ಯಾಸವಾಗಿಬಿಟ್ಟಿದೆ. ಈ ಮನೆಯಲ್ಲಿ ಸ್ಟೀರಿಂಗ್ ಹಿಡಿದವಳು ನಾನು, ನಿನ್ನ ಕಾಲಡಿ ಇಲ್ಲಿ ಯಾವ ಬ್ರೇಕೂ ಇಲ್ಲ.

ಬೆರಳನ್ನು ಕೇಳೋಣ ಅಂತ ಬರೆದಿದ್ದೀಯ. ಯಾವ ಬೆರಳನ್ನು? ಬಲಗೈಯ ಐದೂ ಬೆರಳು ಹೊದಿಕೆಯ ಮೇಲೆ ಯಾರೋ ಇಟ್ಟು ಮರೆತ ಹಾಗೆ ಬಿದ್ದಿರುತ್ತವೆ. ದಿನಾ ಬೆಳಿಗ್ಗೆ ಒಂದೊಂದನ್ನೇ ಬಿಡಿಸಿ ಎಣ್ಣೆ ಹಚ್ಚಿ ತಿಕ್ಕುವವಳು ನಾನು. ಎಡಗೈಗೆ ಪೆನ್ಸಿಲ್ ಕೊಟ್ಟೆ. ಗೀಚಿದ್ದು ಅವಳಿಗೇ ಓದಲು ಬರಲಿಲ್ಲ. ಪೆನ್ಸಿಲನ್ನು ಗೋಡೆಗೆ ಎಸೆದಳು. ಮತ್ತೆ ಮುಟ್ಟಲಿಲ್ಲ. ತಪ್ಪು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಅನ್ನುವ ಅವಳ ಸ್ವಭಾವ ನಿನಗೆ ಗೊತ್ತಿಲ್ಲವೇ?

ಲ್ಯಾಪ್‌ಟಾಪ್ ನೋಡದೆಯೇ ಬೇಡವೆಂದಿಲ್ಲ. ಥೆರಪಿ ಮೇಡಂ ತಮ್ಮದನ್ನೇ ತಂದು ಅಮ್ಮನ ತೊಡೆಯ ಮೇಲಿಟ್ಟರು. ಅದು ಎರಡು ಸಲ ಜಾರಿತು. ಅಡಿ ಕಾದು ಬಿಸಿಯಾಯಿತು. ಅಕ್ಷರಗಳ ಜಾಗವೂ ಅಮ್ಮನ ಹಳೆಯ ಯಂತ್ರದ ಹಾಗಿರಲಿಲ್ಲ. ಒಂದೆರಡು ಕೀಲಿ ಒತ್ತಿ, ಬಂದದ್ದು ನೋಡಿ, ಮುಖ ಗೋಡೆ ಕಡೆ ತಿರುಗಿಸಿಕೊಂಡಳು.

ಟ್ಯಾಬ್ಲೆಟ್ಟಿಗೆ ಮಂಚದ ಅಂಚಿಗೆ ಕಚ್ಚಿಸುವ ಸ್ಟ್ಯಾಂಡ್ ಸಿಗುತ್ತದೆ. ಮುಖದ ಮುಂದೆ ತಂದು ನಿಲ್ಲಿಸಬಹುದು. ಒಂದು ಸಲ ಮುಟ್ಟಿದರೆ ಮುಗಿಯಿತು. ಬಚ್ಚಲಿಗೆ ಹೋಗಬೇಕು ಅನ್ನುವುದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದು ಮುಗಿಸುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತದೆ. ಆ ಬಟ್ಟೆ ಒಗೆಯುವವಳು ನೀನಲ್ಲ. ಆಸ್ಪತ್ರೆಗೆ ಎರಡು ದಿನ ಬಂದೆ, ಕಾರಿಡಾರಿನಲ್ಲಿ ಅತ್ತೆ, ಹೋದೆ. ಅತ್ತವರಿಗೆ ಬಟ್ಟೆ ಒಗೆಯುವ ಕೆಲಸ ಇರುವುದಿಲ್ಲ, ನೋಡು.

ಟ್ಯಾಬ್ಲೆಟ್ ತರುತ್ತಿದ್ದೇನೆ. ಇದು ತಿಳಿಸುವ ಪತ್ರ, ಕೇಳುವ ಪತ್ರವಲ್ಲ.

ದೊಡ್ಡವಳು


ಫೆಬ್ರವರಿ 3

ಅಕ್ಕ,

ಎರಡೇ ಪ್ರಶ್ನೆ. ಆ ಮೂವತ್ತಾರು ಚಿತ್ರಗಳನ್ನು ಆರಿಸಿದವರು ಯಾರು? ಅದರಲ್ಲಿ 'ಬೇಡ' ಅನ್ನುವುದಕ್ಕೆ ಚಿತ್ರ ಇದೆಯಾ?

ನಾನೇ ಊಹಿಸುತ್ತೇನೆ. ಆರಿಸಿದವಳು ನೀನು. ಅಮ್ಮ ಏನೇನು ಹೇಳಬಹುದು ಅಂತ ಮೊದಲೇ ತೀರ್ಮಾನ ಮಾಡಿ, ಅಷ್ಟನ್ನು ಮಾತ್ರ ಅವಳ ಮುಂದೆ ನೇತುಹಾಕಿದ್ದೀಯ. ಊಟ, ನೀರು, ಮಾತ್ರೆ, ಮಂಚ. ಅವಳೀಗ ನಿನ್ನ ಮಾತಿನಲ್ಲೇ ಮಾತಾಡಬೇಕು. ಒಪ್ಪುವ ಮಾತು ಎಷ್ಟು ಬೇಕಾದರೂ ಸಿಗುತ್ತದೆ.

ನಿನಗೆ ಭಯ, ಅಕ್ಕ. ಅವಳ ಕೈಗೆ ಅಕ್ಷರ ಸಿಕ್ಕಿದರೆ ಮೊದಲ ವಾಕ್ಯ ಏನಿರುತ್ತದೆ ಅಂತ ನಿನಗೆ ಗೊತ್ತು.

ಮೂರು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ಮತ್ತೆ ಹೇಳಬೇಕಾ? ನಾನು ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ನಿನ್ನ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದದ ಮೇಜು, ದಾರದ ಉಂಡೆಗಳು. ಅಮ್ಮನ ಒಂಬತ್ತು ಯಂತ್ರಗಳಲ್ಲಿ ಒಂದೂ ಇಲ್ಲ. 'ಗುಜರಿಯವರು ಒಯ್ದ್ರು, ಅಮ್ಮನೇ ಕೊಡು ಅಂದ್ಳು' ಅಂದೆ ನೀನು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ನಾನು ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅವಳು ತೊಳೆದ ತಟ್ಟೆಯನ್ನೇ ತೊಳೆಯುತ್ತಿದ್ದಳು. 'ಹೋಗ್ಲಿ ಬಿಡು' ಅಂದಳು. ಹೌದು ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ. ಆವತ್ತು ನಾನು ನಿನಗೆ ಅಂದ ಮಾತುಗಳಲ್ಲಿ ಒಂದನ್ನೂ ವಾಪಸು ತಗೊಳ್ಳುವುದಿಲ್ಲ.

ಲ್ಯಾಪ್‌ಟಾಪನ್ನು ನಾನೇ ಕೊರಿಯರ್ ಮಾಡಿದ್ದೇನೆ. ಅಮ್ಮನ ಹಳೆಯ ಯಂತ್ರದ ಅಕ್ಷರ ಜೋಡಣೆಯನ್ನೇ ಅದರಲ್ಲಿ ಹಾಕಿಸಿದ್ದೇನೆ. ಹುಡುಕಿದರೆ ಸಿಗುತ್ತದೆ, ಹುಡುಕುವ ಮನಸ್ಸಿರಬೇಕು. ಕೀಲಿಗಳ ಮೇಲೆ ಅಕ್ಷರದ ಚೀಟಿ ಅಂಟಿಸಿಲ್ಲ, ಅವಳಿಗೆ ಅದು ಅವಮಾನ. ಜಾರಬಾರದೆಂದು ಹಾಸಿಗೆ ಮೇಲೆ ಇಡುವ ಕಾಲುಳ್ಳ ಹಲಗೆಯೂ ಜೊತೆಗಿದೆ. ಅಡಿಯ ಬಿಸಿ ತೊಡೆಗೆ ತಾಗುವುದಿಲ್ಲ. ಇನ್ನು ಯಾವ ನೆಪ ಹೇಳುತ್ತೀಯ ನೋಡೋಣ.

ತಂಗಿ


ಮಾರ್ಚ್ 2

ಡ್ರೈವರಮ್ಮನವರಿಗೆ,

ನಿನ್ನ ಪೆಟ್ಟಿಗೆ ಬಂದು ಎರಡು ವಾರವಾಯಿತು. ಕತ್ತರಿಸುವ ಮೇಜಿನ ಕೆಳಗಿದೆ. ಅಂಟುಪಟ್ಟಿ ಬಿಚ್ಚಿಲ್ಲ. ಕಾಲಿಗೆ ಎಡವುತ್ತದೆ, ನಿನ್ನ ಹಾಗೆಯೇ.

ಟ್ಯಾಬ್ಲೆಟ್ ಚೆನ್ನಾಗಿ ನಡೆಯುತ್ತಿದೆ. ಮೊದಲ ಎರಡು ದಿನ ಕಷ್ಟವಾಯಿತು, ಬೆರಳು ಒಂದು ಕ್ಷಣ ಹೆಚ್ಚು ನಿಂತರೆ ಇನ್ನೇನೋ ತೆರೆದುಕೊಳ್ಳುತ್ತಿತ್ತು. ಮೇಡಂ ಸರಿಮಾಡಿಕೊಟ್ಟರು. ಈಗ ಅಮ್ಮ ನೀರು ಕೇಳುತ್ತಾಳೆ, ಕಿಟಕಿ ತೆಗೆಸುತ್ತಾಳೆ, ಟೀವಿ ಹಾಕಿಸುತ್ತಾಳೆ. ಹಾಸಿಗೆ ಒದ್ದೆಯಾಗಿ ಹದಿನೆಂಟು ದಿನವಾಯಿತು. ನಿನಗಿದು ಸಣ್ಣ ಸುದ್ದಿ.

ಚಿತ್ರ ಆರಿಸಿದವಳು ನಾನೇ. ಮತ್ತೆ ಯಾರು, ನೀನು ಬಂದು ಆರಿಸುತ್ತಿದ್ದೆಯಾ? 'ಬೇಡ' ಕೂಡ ಇತ್ತು. ಕೆಂಪು ಕೈಯ ಚಿತ್ರ. ಒಂದು ವಾರ ಇಟ್ಟು ತೆಗೆದುಹಾಕಿದೆ. ಊಟಕ್ಕೆ ಬೇಡ, ಮಾತ್ರೆಗೆ ಬೇಡ, ಸ್ನಾನಕ್ಕೆ ಬೇಡ. ಬೇಡ, ಬೇಡ, ಬೇಡ ಎಂದು ಆ ಒಳಗಿನ ಹೆಂಗಸು ಒಂದೇ ರಾಗದಲ್ಲಿ ಹೇಳುತ್ತಿದ್ದರೆ ನನ್ನ ಕೈಯಲ್ಲಿ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. ಮೂಳೆ ಚಕ್ಕಳವಾಗಿರುವವಳು ಊಟ ಬೇಡ ಅಂದರೆ ಬಿಟ್ಟುಬಿಡಲೇ? ಮೈ ತೊಳೆಯದೆ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ ಅಂತ ನರ್ಸು ಹೇಳಿದ್ದು ನಿನಗಲ್ಲ, ನನಗೆ.

ಒಂದು ಕಷ್ಟವಿದೆ. ನೀನು ಕೇಳದಿದ್ದರೂ ಹೇಳುತ್ತೇನೆ. ಬೆಳಿಗ್ಗೆ ಬಕೆಟ್ ಎತ್ತುವ ಸದ್ದು ಕೇಳಿದರೆ ಸಾಕು, 'ನೋವು' ಒತ್ತುತ್ತಾಳೆ. ಹತ್ತು ಸಲ, ಹದಿನೈದು ಸಲ. ಎಲ್ಲಿ ಅಂತ ಕೈ, ಕಾಲು, ಹೊಟ್ಟೆ ಮುಟ್ಟಿ ಮುಟ್ಟಿ ಕೇಳಿದೆ. ಕಣ್ಣು ಮುಚ್ಚಿಕೊಳ್ಳುತ್ತಾಳೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು, ನೋವಿನ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿಸಿಯೇ ಸ್ನಾನ ಮಾಡಿಸುತ್ತೇನೆ. ಮಾಡಿಸುವಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡು ನರಳುತ್ತಾಳೆ. ಅವಳ ಹಟ ನನಗೂ ಗೊತ್ತು, ನಿನಗೂ ಗೊತ್ತು.

ಮತ್ತೆ, 'ಜನ' ಅಂತ ಒಂದು ಪುಟವಿದೆ. ಅದರಲ್ಲಿ ನನ್ನ ಫೋಟೋ, ಡಾಕ್ಟರ ಫೋಟೋ, ಮೇಡಂ ಫೋಟೋ. ನಿನ್ನದಿಲ್ಲ. ಒತ್ತಿದರೆ ಬರದವರ ಫೋಟೋ ಹಾಕಿ ಏನು ಪ್ರಯೋಜನ?

ದೊಡ್ಡವಳು


ಮಾರ್ಚ್ 13

ಅಕ್ಕ,

'ಬೇಡ' ತೆಗೆದುಹಾಕಿದೆ ಎಂದು ನೀನೇ ಬರೆದಿದ್ದೀಯ. ನಿನ್ನದೇ ಕೈಬರಹದಲ್ಲಿ, ಕೆಳಗೆ ಸಹಿ ಹಾಕಿ. ಮಾತು ಹೋದವಳ ಬಾಯಿಂದ ಇನ್ನೊಂದು ಸಲ ಮಾತು ಕಿತ್ತುಕೊಂಡೆ.

ಮೇಡಂ ಜೊತೆ ಮಾತಾಡಿದ್ದೇನೆ. ಇಪ್ಪತ್ತನೇ ತಾರೀಖು ಬಂದಾಗ ಆ ಪೆಟ್ಟಿಗೆಯನ್ನು ಅವರೇ ತೆರೆಯುತ್ತಾರೆ. ತಡೆಯುವುದಾದರೆ ತಡೆ, ಯಾಕೆ ತಡೆದೆ ಅಂತ ಅವರ ಮುಖ ನೋಡಿ ಹೇಳಬೇಕಾಗುತ್ತದೆ.

ತೆರೆದ ಮೇಲೆ ಅಮ್ಮನನ್ನು ನನ್ನ ಪರವಾಗಿ ಒಂದೇ ಪ್ರಶ್ನೆ ಕೇಳು. ಯಂತ್ರಗಳನ್ನು ಗುಜರಿಗೆ ಕೊಡು ಅಂದವರು ಯಾರು? ಅವಳು ಟೈಪ್ ಮಾಡಿದ್ದನ್ನು ಒಂದಕ್ಷರ ತಿದ್ದದೆ ನನಗೆ ಬರಿ. ಧೈರ್ಯವಿದ್ದರೆ.

ತಂಗಿ


ಏಪ್ರಿಲ್ 7

ತಂಗಿಗೆ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಇದನ್ನೂ ಹರಿಯುವ ಮೊದಲು ಅಂಚೆಗೆ ಹಾಕಬೇಕು.

ಮೇಡಂ ಇಪ್ಪತ್ತಕ್ಕೆ ಬಂದರು. ನನ್ನ ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡು ಪೆಟ್ಟಿಗೆಯ ಪಟ್ಟಿ ಕತ್ತರಿಸಲು ಹೋದರು. 'ಅದು ಬಟ್ಟೆ ಕತ್ತರಿ, ಕಾಗದಕ್ಕೆ ಹಾಕ್ಬೇಡಿ, ಮೊಂಡಾಗುತ್ತೆ' ಅಂದೆ. ಅವತ್ತು ನಾನು ತಡೆದದ್ದು ಅಷ್ಟೇ.

ಅಮ್ಮನನ್ನು ದಿಂಬಿಗೆ ಒರಗಿಸಿ, ಹಲಗೆ ಇಟ್ಟು, ಅದರ ಮೇಲೆ ನಿನ್ನ ಲ್ಯಾಪ್‌ಟಾಪ್ ಇಟ್ಟರು. ಅಮ್ಮ ಕೀಲಿಗಳನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತೇನೋ ಅಂದುಕೊಂಡೆ. ಎಡಗೈ ಎದ್ದಿತು, ಕೀಲಿಗಳ ಮೇಲೆ ಹಾಗೆಯೇ ಸವರಿ, ನಾಲ್ಕು ಬೆರಳನ್ನು ನಡುಸಾಲಿನಲ್ಲಿ ಇಟ್ಟಿತು. ನಾನು ಬೆನ್ನು ತಿರುಗಿಸಿ ಹೊಲಿಯಲು ಕೂತೆ. ನೋಡುವುದು ಬೇಡವಾಗಿತ್ತು. ಪೆಡಲ್ ತುಳಿಯುವುದು ನಿಲ್ಲಿಸಿದಾಗಲೆಲ್ಲ ಹಿಂದಿನಿಂದ ಕೇಳುತ್ತಿತ್ತು: ಒಂದು ಕೀಲಿ, ಬಹಳ ಹೊತ್ತು ಮೌನ, ಮತ್ತೊಂದು ಕೀಲಿ. ಬಲಗೈ ಮಾಡಬೇಕಾದ ಕೆಲಸಕ್ಕೂ ಎಡಗೈಯೇ ಆ ತುದಿವರೆಗೆ ನಡೆದು ಹೋಗಿ ಬರಬೇಕಲ್ಲ.

'ಬನ್ನಿ ಇಲ್ಲಿ' ಅಂದರು ಮೇಡಂ. ದನಿ ಬೇರೆ ಥರ ಇತ್ತು.

ಪರದೆಯ ಮೇಲೆ ಇದ್ದದ್ದು: ಸ್ನಾನದ ನೀರು ಸುಡುತ್ತದೆ. ದಿನಾ.

'ಯಾಕಮ್ಮಾ ಹೇಳ್ಲಿಲ್ಲ?' ಅಂದುಬಿಟ್ಟೆ. ಎಂಥ ಪ್ರಶ್ನೆ ನೋಡು. ಅವಳು ನನ್ನನ್ನೇ ನೋಡಿ, ಗಲ್ಲದಿಂದ ಟ್ಯಾಬ್ಲೆಟ್ ಕಡೆ ತೋರಿಸಿದಳು.

'ನಾನು ಕೈ ಅದ್ದಿ ನೋಡೇ ಹಾಕೋದು, ಉಗುರುಬೆಚ್ಚಗೆ ಇರುತ್ತೆ' ಅಂದೆ ಮೇಡಂಗೆ. ಬೆಳಗಿನ ಹಾಗೆಯೇ ನೀರು ಬೆರೆಸಿ ಬಕೆಟ್ ತಂದು ಮುಂದಿಟ್ಟೆ. ಅವರು ಮಣಿಕಟ್ಟು ಅದ್ದಿದವರೇ ಹಿಂದಕ್ಕೆ ಎಳೆದುಕೊಂಡರು. 'ಅಯ್ಯೋ, ಇದು ಸುಡ್ತಿದೆ ಕಣ್ರೀ!' ನಾನು ಮತ್ತೆ ಕೈ ಹಾಕಿದೆ. ನನಗೆ ಉಗುರುಬೆಚ್ಚಗೇ ಇತ್ತು. ಇಪ್ಪತ್ತೆರಡು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನನ್ನದು. ಒದ್ದೆ ಬಟ್ಟೆಯ ಮೇಲೆ ಅಂಗೈಯಲ್ಲೇ ಹಬೆ ಒತ್ತಿ ಒತ್ತಿ ಚರ್ಮ ಮರಗಟ್ಟಿದೆ. ಅದು ನನಗೆ ಗೊತ್ತೇ ಇರಲಿಲ್ಲ. ಮೈ ಕೆಂಪಾಗುವುದನ್ನು ಮಲಗಿ ಮಲಗಿ ಆದದ್ದು ಅಂದುಕೊಂಡಿದ್ದೆ. ಏಳು ತಿಂಗಳು. ಮಾತ್ರೆ ನುಂಗಿಸಿ, ಸುಡುವ ನೀರು ಹೊಯ್ದು, 'ಸುಮ್ನಿರಮ್ಮಾ, ಹಟ ಮಾಡ್ಬೇಡ' ಅಂತ ಬೈದಿದ್ದೇನೆ.

ತಗೊ. ನಿನ್ನ ಲ್ಯಾಪ್‌ಟಾಪ್ ಬಾಯಿ ಬಿಟ್ಟಿತು. ಮೊದಲ ವಾಕ್ಯ ನನ್ನ ಬಗ್ಗೆಯೇ ಇತ್ತು. ನೀನು ಊಹಿಸಿದ್ದಲ್ಲ, ಅದಕ್ಕಿಂತ ಕೆಟ್ಟದ್ದು.

ಇನ್ನು ನಿನ್ನ ಪ್ರಶ್ನೆ. ಮರುದಿನ ಬೆಳಿಗ್ಗೆ ಮೇಡಂ ಇಲ್ಲದಾಗ ಕೇಳಿದೆ. ನಿನ್ನ ಪತ್ರವನ್ನೇ ಅವಳ ಮುಂದೆ ಓದಿದೆ, 'ಧೈರ್ಯವಿದ್ದರೆ' ಅನ್ನುವವರೆಗೂ. ಅಮ್ಮ ಎಡಗೈಯಿಂದ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಟೈಪ್ ಮಾಡಿದಳು. ನಲವತ್ತು ನಿಮಿಷ ಹಿಡಿಯಿತು, ನಡುವೆ ಕೈ ಸೋತು ಎರಡು ಸಲ ಬಿತ್ತು. ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ:

ಯಂತ್ರ ಕೊಡಲು ನಾನೇ ಹೇಳಿದೆ. ದೊಡ್ಡವಳ ತಪ್ಪಿಲ್ಲ.

ಇಷ್ಟನ್ನೇ ಬರೆದು ಸಹಿ ಹಾಕಬಹುದಿತ್ತು. ನಿನ್ನ ಬಾಯಿ ಕಾಯಂ ಮುಚ್ಚುತ್ತಿತ್ತು. ಅದಕ್ಕೇ ಮೂರು ಸಲ ಬರೆದು ಹರಿದದ್ದು.

ಅದು ಸುಳ್ಳು. ಅವಳು ಹೇಳಿರಲಿಲ್ಲ. ಯೂನಿಫಾರಮ್ಮಿನ ದೊಡ್ಡ ಆರ್ಡರ್ ಬಂದಿತ್ತು, ನನಗೆ ಕೋಣೆ ಬೇಕಿತ್ತು. ಟೈಪಿಂಗ್ ಕಲಿಯಲು ಒಂದು ನರಪಿಳ್ಳೆ ಬಂದು ನಾಲ್ಕು ವರ್ಷವಾಗಿತ್ತು. ಮೂರು ಸಲ ಕೇಳಿದೆ, ಮೂರು ಸಲವೂ 'ನೋಡೋಣ' ಅಂದಳು. ಅವಳು ಕಣ್ಣು ತೋರಿಸಲು ಆಸ್ಪತ್ರೆಗೆ ಹೋದ ದಿನ ಗುಜರಿಯವರನ್ನು ಕರೆಸಿದೆ. ವಾಪಸು ಬಂದಾಗ ಕಣ್ಣಿಗೆ ಔಷಧ ಹಾಕಿ ಎಲ್ಲ ಮಂಜಾಗಿತ್ತು ಅವಳಿಗೆ. ಕೋಣೆ ಖಾಲಿಯಾಗಿದೆ ಅಂತ ಕಾಣಿಸಲಿಲ್ಲ. ಅಭ್ಯಾಸಬಲದಿಂದ ಬಾಗಿಲ ಪಕ್ಕದ ಮೊದಲನೇ ಯಂತ್ರಕ್ಕೆ ಕೈ ಊರಲು ಹೋದಳು. ಅಲ್ಲಿ ಏನೂ ಇರಲಿಲ್ಲ. ಬೀಳುವುದರಲ್ಲಿದ್ದವಳನ್ನು ನಾನು ಹಿಡಿದುಕೊಂಡೆ. 'ಎಲ್ಲಾನೂ?' ಅಂದಳು. ಹೂಂ ಅಂದೆ. 'ಹೋಗ್ಲಿ ಬಿಡು' ಅಂದಳು. ಆ ವಾರವೇ ನೀನು ಬಂದೆ, ನಾನು ನಿನಗೆ ಸುಳ್ಳು ಹೇಳಿದೆ. ಅಡುಗೆಮನೆಯಲ್ಲಿ ನೀನು ಕೇಳಿದಾಗಲೂ ಅವಳು ಅದನ್ನು ಅಲ್ಲಗಳೆಯಲಿಲ್ಲ.

ಈಗ, ಅವಳ ಮೈ ಬೇಯಿಸಿದ್ದು ಗೊತ್ತಾದ ಮರುದಿನವೇ, ಒಂದೇ ಕೈಯಲ್ಲಿ ನನಗೋಸ್ಕರ ಸುಳ್ಳು ಟೈಪ್ ಮಾಡಿದಳು. ಒಂದು ತಪ್ಪಿಲ್ಲ. ಕೊನೆಗೆ ಪೂರ್ಣವಿರಾಮವನ್ನೂ ಇಟ್ಟಳು. ಅದನ್ನು ನಿನಗೆ ಕಳಿಸಿ ಗೆಲ್ಲಲು ನನ್ನಿಂದಾಗಲಿಲ್ಲ.

ಇದನ್ನು ಹೇಳಿದೆನೆಂದು ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ಯಂತ್ರ ಕೊಟ್ಟದ್ದು ನನ್ನ ತಪ್ಪು. ಮೂರು ವರ್ಷ ಬರದೇ ಇದ್ದದ್ದು ನಿನ್ನದು. ಅದನ್ನು ನನ್ನ ಲೆಕ್ಕಕ್ಕೆ ಬರೆಯಬೇಡ.

ದೊಡ್ಡವಳು


ಏಪ್ರಿಲ್ 19

ಅಕ್ಕ,

ನಿನ್ನ ಪತ್ರವನ್ನು ಶಾಲೆಯ ಕಾರಿನಲ್ಲಿ ಕೂತು ಓದಿದೆ. ಕಲಿಯಲು ಬಂದಿದ್ದ ಹೆಂಗಸು ಪಾಪ, ಗಾಡಿ ಸ್ಟಾರ್ಟ್ ಮಾಡಿಕೊಂಡು 'ಹೋಗ್ಲಾ ಮೇಡಂ?' ಅಂತ ನಾಲ್ಕು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ.

ನೀನು ಸುಳ್ಳು ಹೇಳಿದ್ದೆ ಅಂತ ಸಾಬೀತಾದರೆ ಎಷ್ಟು ಖುಷಿಯಾಗುತ್ತದೆ ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಆಯಿತು. ಸಂಜೆಯವರೆಗೂ ಇರಲಿಲ್ಲ ಆ ಖುಷಿ.

ನಿನಗೆ ಅಷ್ಟು ಬರೆಯಲು ಸಾಧ್ಯವಾಗಿದ್ದರೆ ನನಗೂ ಆಗಬೇಕು. ಯಂತ್ರಗಳು ಅಲ್ಲೇ ಇದ್ದಿದ್ದರೂ ನಾನು ಬರುತ್ತಿರಲಿಲ್ಲ. ಅದಕ್ಕೆ ಮೊದಲೇ ಹದಿನಾಲ್ಕು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಆ ಮಧ್ಯಾಹ್ನ ಬಂದದ್ದು ಕೂಡ ಅಮ್ಮನನ್ನು ನೋಡಲು ಅಲ್ಲ, ಬೀರುವಿನಲ್ಲಿದ್ದ ನನ್ನ ಸರ್ಟಿಫಿಕೇಟುಗಳನ್ನು ಒಯ್ಯಲು. ಬಂದರೆ ಅಮ್ಮ 'ಇರ್ತೀಯಾ ನಾಲ್ಕು ದಿನ?' ಅನ್ನುತ್ತಾಳೆ, ಇಲ್ಲ ಅನ್ನಬೇಕಾಗುತ್ತದೆ, ಆ ಮುಖ ನೋಡಬೇಕಾಗುತ್ತದೆ. ನಿನ್ನ ಮೇಲೆ ಸಿಟ್ಟಾದ ಮೇಲೆ ಆ ತಾಪತ್ರಯವೇ ತಪ್ಪಿತು. ಬಾರದಿರಲು ಒಳ್ಳೆಯ ಕಾರಣ ಸಿಕ್ಕಿತು, ಬಹಳ ಗಟ್ಟಿಮುಟ್ಟಾದ ಕಾರಣ, ಮೂರು ವರ್ಷ ಬಾಳಿಕೆ ಬಂತು.

ಆದರೂ ನೀನು 'ಬೇಡ' ತೆಗೆದದ್ದನ್ನು ನಾನು ಮರೆಯುವುದಿಲ್ಲ. ನೀನು ನನ್ನ ಕಾರಿಡಾರಿನ ಅಳುವನ್ನು ಮರೆಯಬೇಕಾಗಿಲ್ಲ.

ನೀರಿನ ಬಿಸಿ ಅಳೆಯುವ ಒಂದು ಕಡ್ಡಿ ಇದರ ಜೊತೆ ಕಳಿಸಿದ್ದೇನೆ. ಬಕೆಟಿಗೆ ಹಾಕಿದರೆ ಹೆಚ್ಚು ಬಿಸಿಯಿದ್ದಾಗ ಕೆಂಪಾಗುತ್ತದೆ. ವ್ಯಂಗ್ಯಕ್ಕೆ ಕಳಿಸಿದ್ದಲ್ಲ. ಹಾಗನಿಸಿದರೆ ನಾನೇನೂ ಮಾಡಲಾರೆ.

ಮುಂದಿನ ತಿಂಗಳು ಎರಡು ದಿನ ರಜೆ ಸಿಗಬಹುದು. ಬಂದರೆ ಬಾಗಿಲು ತೆಗೆಯುತ್ತೀಯಾ?

ತಂಗಿ


ಮೇ 11

ತಂಗಿಗೆ,

ಬಾ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಬರಬೇಡ ಅನ್ನುವ ಹಕ್ಕು ನನಗಿಲ್ಲ. ಕೇಳಬೇಕಾದವಳನ್ನೇ ಕೇಳೋಣ ಅಂತ ನಿನ್ನ ಪತ್ರ ಅವಳಿಗೆ ಓದಿ ಹೇಳಿದೆ. 'ಹಳೇದೂ' ಅಂತ ಟೈಪ್ ಮಾಡಿದಳು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟಿದ್ದ ನಿನ್ನ ಪತ್ರಗಳನ್ನೆಲ್ಲ ಓದಿಸಿಕೊಂಡಳು. ನಾನು ಬರೆದದ್ದನ್ನು ಬಾಯಲ್ಲಿ ಹೇಳಿಸಿದಳು, ಮೆತ್ತಗೆ ಮಾಡಿ ಹೇಳಿದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಏಪ್ರಿಲಿನದನ್ನು ಹೇಳುವಾಗ ನಾನು ಬಟ್ಟೆ ಮಡಚುತ್ತಾ ಹೇಳಿದೆ, ಅವಳ ಕಡೆ ನೋಡಲಿಲ್ಲ.

'ಬೇಡ' ವಾಪಸು ಹಾಕಿದ್ದೇನೆ. ಮೊದಲ ಪುಟದಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ. ನಿನ್ನೆ ಊಟಕ್ಕೆ ಎರಡು ಸಲ ಒತ್ತಿದಳು. ತಟ್ಟೆ ತೆಗೆದುಕೊಂಡು ಹೋದೆ. ಒಂದು ಗಂಟೆಯಾದ ಮೇಲೆ ಅವಳೇ ಊಟ ಒತ್ತಿದಳು. ನೀರಿನ ಕಡ್ಡಿ ಕೆಲಸ ಮಾಡುತ್ತಿದೆ. ವ್ಯಂಗ್ಯ ಅಂತಲೇ ಅನಿಸಿತು, ಆದರೂ ಬಳಸುತ್ತಿದ್ದೇನೆ.

ನಿನಗೆ ಅವಳ ಉತ್ತರ ಇದರೊಳಗಿದೆ. ಒಂಬತ್ತು ದಿನ ತೆಗೆದುಕೊಂಡಳು. ಮೇಡಂ ಪ್ರಿಂಟ್ ತೆಗೆಸಿ ತಂದರು. ನಾನು ಓದಿಲ್ಲ ಅಂದರೆ ನಂಬಬೇಡ.

ದೊಡ್ಡವಳು


ಮೇ 10

ಚಿಕ್ಕವಳಿಗೆ,

ನಿಮ್ಮಿಬ್ಬರ ಪತ್ರ ಕೇಳಿದೆ. ಎಲ್ಲ ನನ್ನ ಬಗ್ಗೆ. ನನಗೆ ಬರೆದದ್ದು ಒಂದೂ ಇಲ್ಲ.

ಬಚ್ಚಲಿಗೆ ಹೋಗಲು ಟ್ಯಾಬ್ಲೆಟ್. ಬೈಯಲು ಲ್ಯಾಪ್‌ಟಾಪ್. ಕೇಳಿದ್ದರೆ ಜನವರಿಯಲ್ಲೇ ಹೇಳುತ್ತಿದ್ದೆ. ತಲೆಯಾಡಿಸಲು ಬರುತ್ತಿತ್ತು.

ದೊಡ್ಡವಳು ನಿಜ ಹೇಳಿ ನನ್ನ ನಲವತ್ತು ನಿಮಿಷ ಹಾಳು ಮಾಡಿದಳು.

ನೀನು ಎರಡು ದಿನಕ್ಕೆ ಬರುತ್ತೀಯಂತೆ. ಸಾಲದು. ನಿಮ್ಮಿಬ್ಬರನ್ನೂ ಬೈಯುವುದು ಬಹಳ ಇದೆ. ನನಗೆ ದಿನಕ್ಕೆ ಎರಡು ಸಾಲು ಆಗುತ್ತದೆ. ಅಷ್ಟು ರಜೆ ಹಾಕಿ ಬಾ.

ಅಮ್ಮ